ಸೊಪ್ಪು ಅಲುಗಿದರೆ ಹಂದಿಯೇ ಆಗಬೇಕೆಂದಿಲ್ಲ



ಗದ್ದೆಯಲ್ಲಿ ತೆನೆ ಬಾಗಿ, ಅಡಿಕೆ ಕೊಯ್ಲು ಶುರುವಾಗಿ, ಕಾಫಿ ಹಣ್ಣು ಕೆಂಪಾಗುವ ಹೊತ್ತಿಗೆ ನಮ್ಮ ಕಡೆ ಇನ್ನೊಂದು ಕೆಲಸವೂ ಸದ್ದಿಲ್ಲದೆ ಆರಂಭವಾಗುತ್ತದೆ. ಊಟವಾದ ಮೇಲೆ ತಲೆಗೆ ಕಟ್ಟುವ ಒಂದು ಬ್ಯಾಟರಿ, ಒಂದು ಕೋವಿ, ಇಬ್ಬರು ಮೂವರು ಸ್ನೇಹಿತರು. ಕೇಳಿದರೆ 'ಹಂದಿ ಕಾಯಲು ಹೋಗುತ್ತೇವೆ' ಎನ್ನುತ್ತಾರೆ. ಕಾಯುವುದು ತೋಟದ ಬೇಲಿಯ ಬಳಿ ಆರಂಭವಾಗಿ ಸರ್ಕಾರಿ ಕಾಡಿನ ಒಳಗೆ ಮುಗಿಯುತ್ತದೆ. ಬೆಳೆ ಕಾಪಾಡುವ ಕೆಲಸ ಎಲ್ಲಿ ಮುಗಿಯಿತು, ಶಿಕಾರಿಯ ಚಪಲ ಎಲ್ಲಿ ಮೊದಲಾಯಿತು ಎಂಬುದು ಹೋದವರಿಗೇ ತಿಳಿದಿರುವುದಿಲ್ಲ. ಯಾರನ್ನೂ ದೂರುವುದಕ್ಕಾಗಿ ನಾವು ಇದನ್ನು ಬರೆಯುತ್ತಿಲ್ಲ. ಈ ಚಪಲದಿಂದ ಕಾಡಿನ ಮೃಗಕ್ಕಿಂತ ಮೊದಲು ಅಪಾಯಕ್ಕೆ ಸಿಕ್ಕುವವರು ನಮ್ಮ ನೆರೆಯವರು ಮತ್ತು ನಮ್ಮ ಆಳುಗಳು ಎಂಬುದನ್ನು ತಿಳಿಸುವುದು ಅಗತ್ಯವೆನಿಸಿತು.

ಒಂದು ರಾತ್ರಿಯ ಸಂಗತಿ

ಕೆಲವು ವರ್ಷಗಳ ಹಿಂದೆ ನಮಗೆ ಚೆನ್ನಾಗಿ ಪರಿಚಯವಿದ್ದ ಇಬ್ಬರು ನೆರೆಹೊರೆಯವರ ನಡುವೆ ನಡೆದದ್ದು ಇದು. ಒಬ್ಬರು ಕಾಡಿನಂಚಿನಲ್ಲಿ ಹಂದಿಗಾಗಿ ಕೋವಿ ಹಿಡಿದು ಕುಳಿತಿದ್ದರು. ಇನ್ನೊಬ್ಬರ ಮನೆಗೆ ಆ ಸಂಜೆ ನೀರು ಬರಲಿಲ್ಲ. ಮೇಲಿನ ಹಳ್ಳದಿಂದ ಬರುವ ಪೈಪಿನ ಬಾಯಿಗೆ ತರಗೆಲೆ ಕಟ್ಟಿರಬೇಕೆಂದು ಅವರು ಹೊರಟರು. ದಿನವೂ ನಡೆದ ದಾರಿಯಾದ್ದರಿಂದ ಬ್ಯಾಟರಿಯನ್ನು ಹಳ್ಳದ ಬಳಿ ಆರಿಸಿ ಜೇಬಿಗೆ ಹಾಕಿ, ಬಗ್ಗಿ ಎರಡೂ ಕೈಯಿಂದ ಎಲೆ ತೆಗೆಯತೊಡಗಿದರು. ವಾಟೆಮೆಳೆಯ ಕೆಳಗೆ ಸೊಪ್ಪು ಅಲುಗಿತು, ನೀರು ಕಲಕಿದ ಸದ್ದಾಯಿತು, ಕಪ್ಪಾದ ಒಂದು ಆಕಾರ ಕಂಡಿತು. ಈಡು ಹಾರಿತು.

ಚರೆ ತೊಡೆಗೂ ಸೊಂಟಕ್ಕೂ ಬಿತ್ತು. ಕಂಬಳಿಯಲ್ಲಿ ಹೊತ್ತುಕೊಂಡು ಬಂದು ಜೀಪಿಗೆ ಹಾಕಿದರು. ಜೀವ ಉಳಿಯಿತು, ಆದರೆ ಆ ಮನುಷ್ಯ ಮತ್ತೆ ಇಳಿಜಾರು ತೋಟದಲ್ಲಿ ನೆಟ್ಟಗೆ ನಡೆಯಲಿಲ್ಲ. ಕೋವಿ ಹಾರಿಸಿದವರು ಅವರ ಬಾಲ್ಯದ ಗೆಳೆಯರೇ. ಎರಡು ಮನೆಗೂ ನೀರು ಅದೇ ಒಂದು ಪೈಪಿನಿಂದ ಬರುತ್ತಿತ್ತು. ಈಗ ಆ ಹಳ್ಳಕ್ಕೆ ಎರಡು ಪೈಪುಗಳಿವೆ.

ಕತ್ತಲಲ್ಲಿ ಕಣ್ಣು ಮೋಸ ಹೋಗುವುದೇಕೆ?

'ಕಣ್ಣು ಹೊಳೆದರೆ ಮೃಗ, ಹೊಳೆಯದಿದ್ದರೆ ಮನುಷ್ಯ' ಎಂಬ ಮಾತನ್ನು ಹಳೆಯ ಶಿಕಾರಿಗಳು ಹೇಳುವುದುಂಟು. ಈ ಮಾತನ್ನು ನಂಬಿದರೆ ಕೆಟ್ಟೆವೆಂದೇ ತಿಳಿಯಬೇಕು. ದನ, ನಾಯಿ, ಬೆಕ್ಕು, ಕಡವೆ, ಚಿರತೆ ಇವುಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಂದಕ್ಕೆ ತೂರುವ, ಕನ್ನಡಿಯಂಥ ಒಂದು ಪೊರೆಯಿದೆ. ಬ್ಯಾಟರಿ ಬಿಟ್ಟಾಗ ಕಣ್ಣು ಕೆಂಡದಂತೆ ಹೊಳೆಯುವುದು ಅದರಿಂದಲೇ. ಮನುಷ್ಯನ ಕಣ್ಣಿನಲ್ಲಿ ಈ ಪೊರೆ ಇಲ್ಲ. ಹಂದಿಯ ಕಣ್ಣಿನಲ್ಲಿಯೂ ಇಲ್ಲ!

ಆದುದರಿಂದ ಹಂದಿಗೆಂದು ಕುಳಿತವನು ಹೊಳೆಯುವ ಕಣ್ಣನ್ನು ಕಾಯುವಂತಿಲ್ಲ. ಅವನಿಗೆ ಉಳಿಯುವುದು ಸೊಪ್ಪಿನ ಸದ್ದು ಮತ್ತು ನೆಲಕ್ಕೆ ಬಗ್ಗಿದ ಕಪ್ಪು ಆಕಾರ ಮಾತ್ರ. ಬಗ್ಗಿ ಪೈಪು ಸರಿಮಾಡುವವನು, ಬಿದ್ದ ಅಡಿಕೆ ಹೆಕ್ಕುವವನು, ಬಹಿರ್ದೆಸೆಗೆ ಕುಳಿತವನು, ಇವರೆಲ್ಲರ ಸದ್ದೂ ಆಕಾರವೂ ಅದೇ. ಇನ್ನು ಹೊಳೆಯುವ ಕಣ್ಣಿಗೆ ಗುರಿಯಿಟ್ಟರೆ ಬೀಳುವುದು ನೆರೆಮನೆಯ ಕರು ಅಥವಾ ನಮ್ಮದೇ ನಾಯಿಯಾಗಿರಬಹುದು. ಮತ್ತೊಬ್ಬನ ಕೈಯಲ್ಲಿರುವ ಸಣ್ಣ ಬ್ಯಾಟರಿಯೂ ಎಲೆಗಳ ಸಂದಿಯಲ್ಲಿ ಕಣ್ಣಿನಂತೆಯೇ ಮಿನುಗುತ್ತದೆ.

ಬೇಟೆಗೆ ಕಾನೂನಿನ ಅನುಮತಿಯಿರುವ ದೇಶಗಳಲ್ಲಿ ಕಲಿಸುವ ಮೊದಲ ಪಾಠಗಳಲ್ಲೊಂದು, ಗುರಿ ಏನೆಂಬುದೂ ಗುರಿಯ ಹಿಂದೆ ಏನಿದೆಯೆಂಬುದೂ ಖಚಿತವಾಗುವ ತನಕ ಕುದುರೆಗೆ ಬೆರಳು ಹಚ್ಚಬಾರದು ಎಂಬುದು. ಅಮೆರಿಕದ ನ್ಯೂಯಾರ್ಕ್ ರಾಜ್ಯವು ಬೇಟೆಗಾರರ ಶಿಕ್ಷಣವನ್ನು 1949ರಲ್ಲಿಯೇ ಕಡ್ಡಾಯ ಮಾಡಲು ಆರಂಭಿಸಿತು. ಅಲ್ಲಿನ ಅನೇಕ ರಾಜ್ಯಗಳಲ್ಲಿ ಸರ್ಕಾರಿ ಕಾಡಿಗೆ ಜಿಂಕೆ ಬೇಟೆಗೆ ಹೋಗುವವರು ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ತೊಡಲೇಬೇಕು. ಜಿಂಕೆಗೆ ಕಿತ್ತಳೆಗೂ ಹಸಿರಿಗೂ ವ್ಯತ್ಯಾಸ ಸರಿಯಾಗಿ ತಿಳಿಯದು. ಮನುಷ್ಯನ ಕಣ್ಣಿಗೆ ಮಾತ್ರ ಅದು ದೂರದಿಂದಲೇ ರಾಚುತ್ತದೆ. ಹಗಲು ಬೆಳಕಿನಲ್ಲಿ, ಶಿಕ್ಷಣ ಪಡೆದು, ಬಣ್ಣದ ಅಂಗಿ ತೊಟ್ಟು ಹೋದವರಲ್ಲಿಯೇ ಅನಾಹುತಗಳು ಪೂರ್ತಿ ನಿಂತಿಲ್ಲ. ರಾತ್ರಿಯಲ್ಲಿ, ಕಪ್ಪು ಕಂಬಳಿ ಹೊದ್ದು, ಮಳೆಕಾಡಿನ ಸಂದಿಯಲ್ಲಿ ಆ ಪಾಠವನ್ನು ಪಾಲಿಸುವುದು ಯಾರಿಂದಲೂ ಆಗದ ಕೆಲಸ.

ಕಾನೂನು ಏನು ಹೇಳುತ್ತದೆ?

ನಮ್ಮ ಹಿರಿಯರ ಕಾಲದಲ್ಲಿ ಶಿಕಾರಿ ಊರ ಹಬ್ಬದಂತಿತ್ತು. ಸೋವಿದವರಿಗೂ ಕೋವಿಯವರಿಗೂ ಪಾಲು. ನಾಯಿಗೂ ಒಂದು ಪಾಲು. ಇಂದಿನ ಬಂಡೀಪುರ, ನಾಗರಹೊಳೆಗಳು ಮಹಾರಾಜರ ಬೇಟೆಯ ಕಾಡುಗಳಾಗಿದ್ದವು. ಆ ಕಾಲ ಮುಗಿಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಮೊದಲು ಲೈಸೆನ್ಸ್ ಪಡೆದು ಕೆಲವು ಮೃಗಗಳನ್ನು ಬೇಟೆಯಾಡಲು ಇದ್ದ ಅವಕಾಶವನ್ನೂ 1991ರ ತಿದ್ದುಪಡಿ ತೆಗೆದುಹಾಕಿತು. ಈಗ ಮೋಜಿನ ಬೇಟೆಗೆ ಯಾವ ಲೈಸೆನ್ಸೂ ಇಲ್ಲ. ಈ ಬಗ್ಗೆ ಸದಸ್ಯರಲ್ಲಿರುವ ಕೆಲವು ತಪ್ಪು ತಿಳುವಳಿಕೆಗಳನ್ನು ಇಲ್ಲಿ ನಿವಾರಿಸಬೇಕಾಗಿದೆ.

'ನಮ್ಮ ತೋಟಕ್ಕೆ ಬಂದ ಹಂದಿ ನಮ್ಮದು' ಎಂಬುದು ತಪ್ಪು. ಕಾಯಿದೆಯ ರಕ್ಷಣೆಯಿರುವುದು ಪ್ರಾಣಿಗೆ. ಅದು ಯಾರ ಜಮೀನಿನಲ್ಲಿ ನಿಂತಿದೆ ಎಂಬುದು ಮುಖ್ಯವಲ್ಲ. ಬೆಳೆಗೆ ಹಾನಿ ಮಾಡುವ ಪ್ರಾಣಿಯ ವಿಷಯದಲ್ಲಿ ಕಾಯಿದೆಯ 11ನೆಯ ಕಲಮಿನಂತೆ ಅಧಿಕಾರಿಯ ಲಿಖಿತ ಆದೇಶ ಬೇಕು.

'ಕೊಂದರೆ ತಾನೆ ಬೇಟೆ' ಎಂಬುದೂ ತಪ್ಪು. ಉರುಲು ಹಾಕುವುದು, ವಿಷವಿಡುವುದು, ಸೋವುವುದು, ಕೊಲ್ಲಲು ಯತ್ನಿಸುವುದು ಎಲ್ಲವೂ ಕಾಯಿದೆಯ ಅರ್ಥದಲ್ಲಿ ಬೇಟೆಯೇ.

'ಮೈಮೇಲೆ ಬಿತ್ತು, ಹೊಡೆದೆ' ಎಂಬ ಸಮರ್ಥನೆಗೂ ಮಿತಿಯಿದೆ. ಪ್ರಾಣರಕ್ಷಣೆಗಾಗಿ ಸದುದ್ದೇಶದಿಂದ ಮೃಗವನ್ನು ಕೊಂದರೆ ಅಪರಾಧವಲ್ಲ ಎಂಬುದು ನಿಜ. ಆದರೆ ಆ ಹೊತ್ತಿನಲ್ಲಿ ನಾವೇ ಕಾಯಿದೆ ಮೀರಿ ಬೇಟೆಗೆ ಹೋಗಿದ್ದರೆ ಈ ರಕ್ಷಣೆ ಸಿಗುವುದಿಲ್ಲ.

ಕೋವಿ ಇಟ್ಟುಕೊಳ್ಳುವ ಹಕ್ಕು ಬೇರೆ, ಬೇಟೆಯ ಹಕ್ಕು ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು 2019ರ ಆದೇಶವು 2029ರವರೆಗೆ ಮುಂದುವರಿಸಿದೆ. ಅದು ಕೈಲ್‌ಪೊಳ್ದಿನಲ್ಲಿ ಪೂಜೆಗೊಳ್ಳುವ ಕೋವಿಗೆ ಸಂದ ಗೌರವವೇ ಹೊರತು ಕಾಡಿಗೆ ಕೊಟ್ಟ ರಹದಾರಿಯಲ್ಲ.

ಶಿಕ್ಷೆಯ ಮಾತು. 2022ರ ತಿದ್ದುಪಡಿಯ ನಂತರ ಸಾಮಾನ್ಯ ಅಪರಾಧಕ್ಕೆ 3 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಚಿರತೆ, ಆನೆ, ಕಾಟಿಯಂಥ ಮೊದಲ ಅನುಸೂಚಿಯ ಪ್ರಾಣಿಯಾದರೆ, ಅಥವಾ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಬೇಟೆಯಾಡಿದರೆ, ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ ಮತ್ತು ಕನಿಷ್ಠ 25 ಸಾವಿರ ರೂಪಾಯಿ ದಂಡ. ಬಳಸಿದ ಕೋವಿ, ಜೀಪುಗಳೂ ಜಪ್ತಿಯಾಗುತ್ತವೆ. ಅಜಾಗರೂಕತೆಯಿಂದ ಮನುಷ್ಯನ ಪ್ರಾಣ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಂತೆ 5 ವರ್ಷದವರೆಗೆ ಸೆರೆವಾಸವಿದೆ.

ಉರುಲು ಮತ್ತು ಕರೆಂಟು

ಕೋವಿಯಿಲ್ಲದವರು ಬೇಲಿಯ ಕಂಡಿಗೆ ಬೈಕಿನ ಕ್ಲಚ್ ತಂತಿಯ ಉರುಲು ಹಾಕುತ್ತಾರೆ. ಹಂದಿಗೆ ಹಾಕಿದ ಉರುಲು ಹಂದಿಯನ್ನೇ ಹಿಡಿಯುವುದೆಂಬ ಖಾತರಿಯಿಲ್ಲ. ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಲ್ಲಿ ಅದಕ್ಕೆ ಚಿರತೆ ಸಿಕ್ಕಿದ್ದುಂಟು. ಸಿಕ್ಕಿಕೊಂಡ ಚಿರತೆಯ ಬಳಿಗೆ ಬೆಳಿಗ್ಗೆ ಮೊದಲು ಹೋಗುವವರು ಹಣ್ಣು ಕುಯ್ಯುವ ಹೆಂಗಸರು ಎಂಬುದನ್ನು ಉರುಲು ಹಾಕುವವರು ಯೋಚಿಸಬೇಕು. ತಂತಿ ಹಾಕಿದವನು ಆಳೇ ಆಗಿರಲಿ, ಅಧಿಕಾರಿಗಳು ಮೊದಲು ಪ್ರಶ್ನಿಸುವುದು ತೋಟದ ಮಾಲೀಕನನ್ನು.

ಕಂಬದಿಂದ ನೇರವಾಗಿ 230 ವೋಲ್ಟ್ ಕರೆಂಟನ್ನು ಬೇಲಿಗೆ ಕೊಡುವುದಂತೂ ಕೊಲೆಗೆ ಹೊಂಚು ಹಾಕಿದಂತೆಯೇ. ಸೋಲಾರ್ ಬೇಲಿಯ ಯಂತ್ರವು ಸುಮಾರು ಸೆಕೆಂಡಿಗೊಮ್ಮೆ, ಕ್ಷಣದ ಅತ್ಯಲ್ಪ ಭಾಗದಷ್ಟು ಕಾಲ ಮಾತ್ರ ಹೊಡೆತ ಕೊಡುತ್ತದೆ; ಮುಟ್ಟಿದವನು ಬೆಚ್ಚಿ ಹಿಂದೆ ಸರಿಯುತ್ತಾನೆ. ನೇರ ಕರೆಂಟು ಬಿಡುವುದಿಲ್ಲ.

ಸದಸ್ಯರು ಗಮನಿಸತಕ್ಕ ಅಂಶಗಳು

1. ಕತ್ತಲಾದ ಮೇಲೆ ಕೋವಿ ಹಿಡಿದು ಕಾಡಿಗಾಗಲಿ ಕಾಡಿನಂಚಿಗಾಗಲಿ ಹೋಗಬಾರದು. ಕರೆಯಲು ಬಂದ ಸ್ನೇಹಿತರಿಗೆ ಇಲ್ಲವೆನ್ನಲು ಸಂಕೋಚ ಬೇಡ.

2. ರಾತ್ರಿ ಗದ್ದೆ ಕಾಯಲು, ನೀರು ತಿರುಗಿಸಲು ಹೋಗುವುದು ಅನಿವಾರ್ಯವಾದರೆ ಇಬ್ಬರು ಹೋಗಿ. ಬ್ಯಾಟರಿಯನ್ನು ಆರಿಸಬೇಡಿ. ಮಾತನಾಡುತ್ತ, ಕೆಮ್ಮುತ್ತ, ಸದ್ದು ಮಾಡುತ್ತ ನಡೆಯಿರಿ. ಆನೆ, ಕಾಟಿಗಳಿಗೂ ದೂರದಿಂದ ಸುಳಿವು ಸಿಕ್ಕುವುದು ಒಳ್ಳೆಯದು. ಆನೆ ಬಂದ ಸುದ್ದಿಯಿರುವ ದಿನ ಹೊರಗೆ ಹೋಗಲೇಬೇಡಿ. ನೀರು ಬೆಳಿಗ್ಗೆ ನೋಡಿಕೊಂಡರಾಯಿತು.

3. ಕಪ್ಪು ಕಂಬಳಿಯ ಮೇಲೊಂದು ಬಿಳಿ ಪಂಚೆಯನ್ನಾದರೂ ಹೊದೆಯಿರಿ. ಕಾಡಿನಂಚಿನಲ್ಲಿ ಕೆಲಸ ಮಾಡುವ ಆಳುಗಳಿಗೆ ಕಿತ್ತಳೆ ಬಣ್ಣದ ತಲೆವಸ್ತ್ರ ಕೊಡಿಸಿ. ಅದರ ಬೆಲೆ ಒಂದು ದಿನದ ಕೂಲಿಗಿಂತ ಕಡಿಮೆ.

4. ಲೈಸೆನ್ಸಿನ ಕೋವಿಯನ್ನು ಖಾಲಿ ಮಾಡಿ, ಬೀಗ ಹಾಕಿ, ತೋಟಾಗಳನ್ನು ಬೇರೆ ಕಡೆ ಇಡಿ. ಕೇಪಿನ ಕೋವಿಯಲ್ಲಿ ಕೇಪು ತೆಗೆದ ಮಾತ್ರಕ್ಕೆ ಮದ್ದು ಹೋಗುವುದಿಲ್ಲ; ಮೂಲೆಗೆ ಒರಗಿಸಿದ ಅಂಥ ಕೋವಿಯನ್ನು ಮಕ್ಕಳು ಮುಟ್ಟಿದರೆ ಅನಾಹುತ ತಪ್ಪದು.

5. ಕೊಯ್ಲಿಗೆ ಮುಂಚೆ ಬೇಲಿ ಸುತ್ತ ಒಮ್ಮೆ ಹಗಲಿನಲ್ಲಿ ನಡೆದು ಉರುಲುಗಳಿದ್ದರೆ ತೆಗೆಸಿ. ಪ್ರಾಣಿ ಸಿಕ್ಕಿಕೊಂಡಿದ್ದರೆ ಹತ್ತಿರ ಹೋಗದೆ, ಜನ ಸೇರಲು ಬಿಡದೆ ಅರಣ್ಯ ಇಲಾಖೆಗೆ ತಿಳಿಸಿ.

6. ಬೆಳೆ ಹಾನಿಯಾದರೆ ಅದೇ ದಿನ ಫೋಟೋ ತೆಗೆದು, ಪಹಣಿಯೊಡನೆ ವಲಯ ಅರಣ್ಯ ಕಚೇರಿಗೆ ಅರ್ಜಿ ಕೊಡಿ. ಬರುವ ಹಣ ಸಾಲದೆಂಬುದು ನಮಗೂ ಗೊತ್ತು. ಆದರೂ ಅರ್ಜಿ ಹೋಗದಿದ್ದರೆ ಹಾನಿಯೇ ಆಗಿಲ್ಲವೆಂದು ದಾಖಲೆ ಹೇಳುತ್ತದೆ.

7. ಯಾರಿಗಾದರೂ ಈಡು ತಗುಲಿದರೆ ಗಾಯದ ಮೇಲೆ ಶುದ್ಧ ಬಟ್ಟೆಯಿಟ್ಟು ಬಲವಾಗಿ ಒತ್ತಿ ಹಿಡಿಯಿರಿ. ಚರೆ ಕೀಳಬೇಡಿ, ಕುಡಿಯಲು ಏನನ್ನೂ ಕೊಡಬೇಡಿ, 108ಕ್ಕೆ ಕರೆ ಮಾಡಿ. ಪೊಲೀಸ್ ಕೇಸಿನ ಭಯದಿಂದ ತಡಮಾಡಬೇಡಿ. ಗಾಯಾಳುವಿಗೆ ಮೊದಲು ಚಿಕಿತ್ಸೆ, ಕಾಗದಪತ್ರ ಆಮೇಲೆ ಎಂದು ಸುಪ್ರೀಂ ಕೋರ್ಟು 1989ರಲ್ಲಿಯೇ ತೀರ್ಪು ಕೊಟ್ಟಿದೆ.

ಕೊನೆಯ ಮಾತು

ಹಂದಿಯ ಕಾಟ ಸುಳ್ಳಲ್ಲ. ಒಂದೇ ರಾತ್ರಿಯಲ್ಲಿ ಗದ್ದೆ ಉತ್ತಂತಾಗಿರುವುದನ್ನು ಬೆಳಿಗ್ಗೆ ನೋಡಿ ನಿಂತವರ ಹೊಟ್ಟೆಯುರಿ ನಮಗೂ ತಿಳಿದದ್ದೇ. ಆದರೆ ಹಾಳಾದ ಗದ್ದೆ ಮುಂದಿನ ವರ್ಷ ಮತ್ತೆ ಬೆಳೆಯುತ್ತದೆ. ಪ್ರತಿ ಗ್ರಾಮದ ಸದಸ್ಯರೂ ಕೊಯ್ಲಿಗೆ ಮುಂಚೆ ಒಂದು ಸಂಜೆ ಕೂಡಿ, ರಾತ್ರಿ ಯಾರು ಯಾವ ಕಡೆ ನೀರಿಗೆ, ಕಾವಲಿಗೆ ಹೋಗುತ್ತಾರೆ ಎಂಬುದನ್ನು ಮಾತನಾಡಿಕೊಳ್ಳಬೇಕೆಂದು ನಮ್ಮ ವಿನಂತಿ. ಆ ರಾತ್ರಿ ಹಳ್ಳದ ಬಳಿ ಇದ್ದ ಆ ಇಬ್ಬರಿಗೂ, ಇನ್ನೊಬ್ಬರು ಅಲ್ಲಿರುವುದು ಗೊತ್ತಿರಲಿಲ್ಲ.