ಗೀಸರ್ ಎಲ್ಲಿರಬೇಕು? ಪೈಪಿನಲ್ಲೇ ಆರುವ ಬಿಸಿನೀರು

ಊರಿನ ನಮ್ಮ ಹಳೇ ಮನೆಗಳಲ್ಲಿ ಹಂಡೆ ಬಚ್ಚಲಲ್ಲೇ ಇರುತ್ತಿತ್ತು. ಬಿಸಿನೀರು ನಾಲ್ಕು ಹೆಜ್ಜೆಯೂ ಹೋಗಬೇಕಿರಲಿಲ್ಲ. ವ್ಯಾಪಾರ, ಕೆಲಸ ಅಂತ ದಾವಣಗೆರೆ, ಹರಿಹರದಲ್ಲಿ ನೆಲೆಸಿದ ನಮ್ಮವರು ಈಗ ಮನೆ ಕಟ್ಟುವಾಗ ಗೀಸರ್ ಜಾಗವನ್ನು ಪ್ಲಂಬರ್‌ಗೆ ಬಿಟ್ಟುಬಿಡುತ್ತಾರೆ. ಎಲ್ಲಿಟ್ಟರೇನು, ನೀರು ಕಾದರೆ ಸಾಕಲ್ವಾ ಅನ್ನುವವರೇ ಹೆಚ್ಚು.

ಲೆಕ್ಕ ನೋಡಿ. ಅರ್ಧ ಇಂಚಿನ 10 ಮೀಟರ್ ಪೈಪಿನೊಳಗೆ ಒಂದರಿಂದ ಒಂದೂವರೆ ಲೀಟರ್ ನೀರು ನಿಂತಿರುತ್ತದೆ. ಸುಬ್ಹಿಗೆ ಎದ್ದು ನಲ್ಲಿ ತಿರುಗಿಸಿದರೆ ಮೊದಲು ಈ ತಣ್ಣೀರು ಚರಂಡಿಗೆ ಹೋಗಬೇಕು. ವುಳೂ ಮುಗಿದ ಮೇಲೆ ಅಷ್ಟೇ ಬಿಸಿನೀರು ಪೈಪಿನಲ್ಲಿ ಉಳಿದು ಆರುತ್ತದೆ. ಪ್ರವಾದಿ(ಸ) ಒಂದು ಮುದ್ದ್, ಅಂದರೆ ಮುಕ್ಕಾಲು ಲೀಟರ್‌ನೊಳಗಿನ ನೀರಿನಲ್ಲಿ ವುಳೂ ಮಾಡುತ್ತಿದ್ದರೆಂದು ಹದೀಸ್‌ನಲ್ಲಿದೆ. ನಾವು ವುಳೂ ಶುರು ಮಾಡುವ ಮೊದಲೇ ಅದಕ್ಕಿಂತ ಹೆಚ್ಚು ನೀರು ಚೆಲ್ಲುತ್ತೇವೆ.

ನೀರನ್ನು 25ರಿಂದ 60 ಡಿಗ್ರಿಗೆ ಕಾಯಿಸುವುದಾದರೆ, ದಿನಕ್ಕೆ ಎಂಟು ಸಲ ಹೀಗಾದಾಗ ತಿಂಗಳಿಗೆ ಸುಮಾರು 12 ಯೂನಿಟ್ ನಷ್ಟ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಅಂಚಿನಲ್ಲಿರುವ ಮನೆಗೆ ಈ 12 ಯೂನಿಟ್ ದೊಡ್ಡದೇ.

ಹಾಗಾದರೆ ಎಲ್ಲಿ ಹಾಕಿಸಬೇಕು? ಕರೆಂಟ್ ಗೀಸರ್ ಆದರೆ ಹೆಚ್ಚು ಬಳಸುವ ಬಚ್ಚಲಿನಲ್ಲೇ, ನಲ್ಲಿಗೆ ಹತ್ತಿರ, ಆದರೆ ಶವರ್ ನೀರು ಸಿಡಿಯದ ಕಡೆ. ಬಚ್ಚಲು, ಅಡುಗೆಮನೆ ಒಂದೇ ಗೋಡೆಗೆ ಬಂದರೆ ಎರಡಕ್ಕೂ ಒಂದೇ ಸಾಕು. ದೂರದ ಎರಡು ಬಚ್ಚಲಿಗೆ ಒಂದು ದೊಡ್ಡದಕ್ಕಿಂತ ಎರಡು ಸಣ್ಣವು ಮೇಲು. ಸೋಲಾರ್ ಆದರೆ ತಾರಸಿಯಲ್ಲಿ ನೆರಳು ಬೀಳದ ಕಡೆ, ದಕ್ಷಿಣಕ್ಕೆ ಮುಖಮಾಡಿ, ಬಚ್ಚಲಿನ ನೇರ ಮೇಲೆ. ಇಳಿದು ಬರುವ ಪೈಪಿಗೆ ಬಿಸಿ ಆರದಂತೆ ಹೊದಿಕೆ ಸುತ್ತಿಸಿ.

ಬೋರ್‌ವೆಲ್‌ನ ಗಡಸು ನೀರು ಬಳಸುವವರು ಸೋಲಾರ್‌ನಲ್ಲಿ ಗಾಜಿನ ಕೊಳವೆಯದ್ದನ್ನು ಆರಿಸಿ. ತಾಮ್ರದ ಸಣ್ಣ ಪೈಪ್ ಸುಣ್ಣ ಕಟ್ಟಿ ಮುಚ್ಚಿಹೋಗುತ್ತದೆ. ಕರೆಂಟ್ ಗೀಸರ್‌ನ ಕಾಯಿಲ್‌ಗೂ ಸುಣ್ಣ ಹಿಡಿಯುತ್ತದೆ, ವರ್ಷಕ್ಕೊಮ್ಮೆ ಬಿಚ್ಚಿ ತೊಳೆಸಿ.

ಗ್ಯಾಸ್ ಗೀಸರ್ ಮಾತ್ರ ಬಚ್ಚಲೊಳಗೆ ಬೇಡವೇ ಬೇಡ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಕೂಗುವ ಮೊದಲೇ ಪ್ರಜ್ಞೆ ತಪ್ಪುತ್ತಾರೆ. ರಾಜ್ಯದಲ್ಲಿ ಹೀಗೆ ಜೀವ ಹೋದ ಸುದ್ದಿ ಮತ್ತೆ ಮತ್ತೆ ಬರುತ್ತಿದೆ. ಗಾಳಿಯಾಡುವ ಹೊರಗೋಡೆಗೆ ಹಾಕಿಸಿ. ಈಗಾಗಲೇ ಒಳಗಿದ್ದರೆ, ಚಳಿಗಾಲಕ್ಕೆ ಕಾಯದೆ ಇದೇ ವಾರ ಹೊರಗೆ ಮಾಡಿಸಿ.