ಹಳೆಯ ಪೆಟ್ರೋಲ್ ವಾಹನದ ಸ್ಪಾರ್ಕ್ ಪ್ಲಗ್: ಬಿಲ್ ಅನುಮೋದನೆಗೆ ಮುನ್ನ

ಭಟ್ಕಳ, ಹೊನ್ನಾವರ ಹಾಗೂ ಕುಮಟಾ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರ ಅವಗಾಹನೆಗೆ.

ವಾಹನವು ತಡವಾಗಿ ಚಾಲನೆಗೊಂಡರೆ ಅಥವಾ ಹೆಚ್ಚು ಇಂಧನ ಬಳಸಿದರೆ, ಹೊಸ ಪ್ಲಗ್ ಖರೀದಿಗೆ ಮುನ್ನ ಹಳೆಯದನ್ನು ಬಿಚ್ಚಿಸಿ ಪರಿಶೀಲಿಸತಕ್ಕದ್ದು. ತುದಿಯು ತಿಳಿಕಂದಾಗಿದ್ದರೆ ದಹನ ಸರಿಯಾಗಿದೆ. ಒಣ ಮಸಿಯಿದ್ದರೆ ಏರ್ ಫಿಲ್ಟರ್ ಮತ್ತು ಕಾರ್ಬ್ಯುರೇಟರನ್ನು, ಎಣ್ಣೆಯ ಜಿಡ್ಡಿದ್ದರೆ ಪಿಸ್ಟನ್ ರಿಂಗನ್ನು ನೋಡಬೇಕು. ಪ್ಲಗ್ ಬದಲಿಸಿದರೆ ಈ ದೋಷಗಳು ನಿವಾರಣೆಯಾಗುವುದಿಲ್ಲ. ಕರಾವಳಿಯ ಉಪ್ಪುಗಾಳಿಗೆ ಕಿಲುಬು ಹಿಡಿಯುವ ಪ್ಲಗ್ ವೈರ್‌ಗಳ ತುದಿಗಳನ್ನೂ ಸ್ವಚ್ಛಗೊಳಿಸಬೇಕು.

ಪ್ಲಗ್‌ನ ಥ್ರೆಡ್ ಉದ್ದ, ಉಷ್ಣಶ್ರೇಣಿ ಮತ್ತು ಅಂತರ ವಾಹನದ ಕೈಪಿಡಿಯಂತೆಯೇ ಇರತಕ್ಕದ್ದು. ಎನ್‌ಜಿಕೆ ಪ್ಲಗ್‌ನ ಉಷ್ಣಶ್ರೇಣಿ ಸಂಖ್ಯೆ ಹೆಚ್ಚಿದಷ್ಟೂ ಅದು ಶಾಖವನ್ನು ಬೇಗ ಹೊರಬಿಡುತ್ತದೆ. ಬಾಷ್‌ನಲ್ಲಿ ಇದಕ್ಕೆ ವಿರುದ್ಧ. ಆದುದರಿಂದ ಸಂಖ್ಯೆಯನ್ನಷ್ಟೇ ಹೋಲಿಸಿ ಕಂಪನಿ ಬದಲಿಸಬಾರದು. ದುಬಾರಿ ಇರಿಡಿಯಂ ಪ್ಲಗ್ ಹೆಚ್ಚು ಕಾಲ ಬಾಳುತ್ತದೆ. ಸವೆದ ಎಂಜಿನ್ನಿಗೆ ಹೊಸ ಶಕ್ತಿ ನೀಡುವುದಿಲ್ಲ.

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇರುವುದೇ ಇಲ್ಲ. ಡೀಸೆಲ್ ವಾಹನದ ಹೆಸರಿನಲ್ಲಿ ಅಂತಹ ಬಿಲ್ ಬಂದಲ್ಲಿ ವಿವರಣೆ ಪಡೆಯತಕ್ಕದ್ದು.