ಗೋಡೆಯೊಳಗಿನ ನೀರು

ಮಲೆನಾಡಿನಲ್ಲಿ ಹೊಸ ಮನೆ ಕಟ್ಟಿಸಿದವರು ಮಳೆ ಹಿಡಿಯುವ ಮುನ್ನವೇ ಹಾಲುಕ್ಕಿಸಿ ಒಳಸೇರಬೇಕೆಂದು ಆತುರಪಡುವುದು ಸಹಜ. ಗಾರೆ ಬಳಿದು ತಿಂಗಳು ತುಂಬುವುದರೊಳಗೆ ಬಣ್ಣವೂ ಏರುತ್ತದೆ. ಆದರೆ ಆಷಾಢ ಕಳೆಯುವ ವೇಳೆಗೆ ಹೊಳೆಯುತ್ತಿದ್ದ ಗೋಡೆಯ ಮೂಲೆಗಳಲ್ಲಿ ಕಪ್ಪು ಹಸಿರು ಚುಕ್ಕೆಗಳು ಮೂಡುತ್ತವೆ; ಬೀರುವಿನ ಹಿಂದಿನಿಂದ ಮುಗ್ಗಲು ವಾಸನೆ ಹೊರಡುತ್ತದೆ. ಜೀವಮಾನದ ಉಳಿತಾಯವನ್ನೆಲ್ಲ ಸುರಿದು ಕಟ್ಟಿಸಿದ ಮನೆಗೆ ಮೊದಲ ವರ್ಷವೇ ಬೂಷ್ಟು ಹಿಡಿಯುವುದೇಕೆ?

ಬೂಷ್ಟು ಶಿಲೀಂಧ್ರ ವರ್ಗಕ್ಕೆ ಸೇರಿದ ಜೀವಿ. ಅದರ ಸೂಕ್ಷ್ಮವಾದ ಬೀಜಕಣಗಳು ಗಾಳಿಯಲ್ಲಿ ಎಲ್ಲೆಡೆಯೂ ತೇಲುತ್ತಿರುತ್ತವೆ. ಅವುಗಳನ್ನು ಮನೆಯಿಂದ ಹೊರಗಿಡುವುದು ಯಾರಿಂದಲೂ ಆಗದು. ಮರ, ಕಾಗದ, ಬಣ್ಣ, ಕೊನೆಗೆ ಗೋಡೆಗಂಟಿದ ಧೂಳು ಸಹ ಅವಕ್ಕೆ ಆಹಾರವೇ. ನಮ್ಮ ಹತೋಟಿಗೆ ಸಿಕ್ಕುವುದು ತೇವವೊಂದೇ. ಗೋಡೆಯ ಮೈಯಲ್ಲಿ ಸಾಪೇಕ್ಷ ಆರ್ದ್ರತೆಯು ಶೇಕಡ 80ಕ್ಕಿಂತ ಹೆಚ್ಚಾಗಿ ಹಲವು ದಿನ ನಿಂತರೆ ಬೀಜಕಣಗಳು ಮೊಳೆಯತೊಡಗುತ್ತವೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯಂಥ ಊರುಗಳಲ್ಲಿ ಮಳೆಗಾಲದ ಗಾಳಿಯೇ ಇಷ್ಟು ತೇವವಾಗಿರುತ್ತದೆ.

ಆದರೆ ಹೊಸ ಮನೆಯ ತೇವವೆಲ್ಲವೂ ಮಳೆಯಿಂದ ಬಂದುದಲ್ಲ. ಬಹುಭಾಗವನ್ನು ನಾವೇ ಗೋಡೆಯೊಳಗೆ ಇಟ್ಟಿರುತ್ತೇವೆ. ಲೆಕ್ಕ ಹಾಕಿ ನೋಡಿರಿ. 50 ಕಿಲೋಗ್ರಾಂ ಸಿಮೆಂಟಿನ ಒಂದು ಚೀಲಕ್ಕೆ ಸುಮಾರು 25 ಲೀಟರು ನೀರು ಬೆರೆಸುತ್ತಾರೆ. ಸಿಮೆಂಟಿನೊಡನೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುವುದು ಅದರಲ್ಲಿ ಅರ್ಧದಷ್ಟು ಮಾತ್ರ. ಉಳಿದುದು ಸೂಕ್ಷ್ಮ ರಂಧ್ರಗಳಲ್ಲಿ ನಿಂತು ಮೆಲ್ಲಮೆಲ್ಲನೆ ಆವಿಯಾಗಬೇಕು. ಇದರ ಮೇಲೆ, ಕಟ್ಟಡ ಬಲವಾಗಲೆಂದು ಕನಿಷ್ಠ ಏಳು ದಿನ ನೀರುಣಿಸುತ್ತಾರೆ. ಒಳ್ಳೆಯ ಇಟ್ಟಿಗೆಯೂ ತನ್ನ ತೂಕದ ಶೇಕಡ 20ರವರೆಗೆ ನೀರು ಕುಡಿಯಬಲ್ಲದು. ನೀರುಣಿಸುವುದನ್ನು ಕಡಿಮೆ ಮಾಡಿದರೆ ಗೋಡೆ ಬಿರಿಯುತ್ತದೆ. ಆ ಬಿರುಕಿನಿಂದಲೇ ಮುಂದೆ ಮಳೆನೀರು ಒಳನುಗ್ಗುತ್ತದೆ. ಆದುದರಿಂದ ನೀರನ್ನು ಧಾರಾಳವಾಗಿ ಕೊಟ್ಟು, ಬಳಿಕ ಅದು ಹೊರಹೋಗಲು ಅಷ್ಟೇ ಧಾರಾಳವಾಗಿ ಕಾಲವನ್ನೂ ಕೊಡಬೇಕು. ಅಚ್ಚುಕಟ್ಟಾಗಿ ಕೆಲಸ ಮಾಡುವ ಮೇಸ್ತ್ರಿಗಳೂ ಎಡವುವುದು ಈ ಎರಡನೆಯ ಮಾತಿನಲ್ಲಿ. ದೋಷ ಅವರದೊಂದೇ ಅಲ್ಲ. ಮುಹೂರ್ತ ಗೊತ್ತುಮಾಡುವವರು ಮನೆಯ ಯಜಮಾನರಷ್ಟೆ!

ಆರದ ಗೋಡೆಗೆ ಎಣ್ಣೆಬಣ್ಣ ಬಳಿದರೆ ರಂಧ್ರಗಳು ಮುಚ್ಚಿಹೋಗಿ ನೀರು ಒಳಗೇ ಸಿಕ್ಕಿಬೀಳುತ್ತದೆ. ಬಣ್ಣ ಗುಳ್ಳೆಯೆದ್ದು ಸುಲಿಯುವುದು ಇದರಿಂದಲೇ. ನಮ್ಮ ಹಿರಿಯರು ಬಳಿಯುತ್ತಿದ್ದ ಸುಣ್ಣದ ಗುಣ ಬೇರೆ. ಅದು ಆವಿಯನ್ನು ತಡೆಯುವುದಿಲ್ಲ. ಹೊಸ ಸುಣ್ಣವು ತೀಕ್ಷ್ಣ ಕ್ಷಾರವಾದುದರಿಂದ ಬೂಷ್ಟು ಅದರ ಮೇಲೆ ಬೇರೂರಲಾರದು. ಗಾಳಿಯ ಇಂಗಾಲದ ಡೈ ಆಕ್ಸೈಡಿನೊಡನೆ ಕೂಡಿ ಈ ಕ್ಷಾರಗುಣ ಕ್ರಮೇಣ ಕುಂದುತ್ತದೆ. ವರ್ಷಕ್ಕೊಮ್ಮೆ ಸುಣ್ಣ ಬಳಿಯುವ ವಾಡಿಕೆ ಈ ದೃಷ್ಟಿಯಿಂದಲೂ ಉಪಯುಕ್ತವಾದುದು.

ನೆಲದ ತೇವವೂ ಸುಮ್ಮನಿರುವುದಿಲ್ಲ. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಗೋಡೆಯು ಮಣ್ಣಿನ ನೀರನ್ನು ಮೇಲಕ್ಕೆಳೆಯುತ್ತದೆ. ಇದನ್ನು ತಡೆಯಲು ಅಂಗಳದ ಮಟ್ಟಕ್ಕಿಂತ ಕಡೆಯಪಕ್ಷ 15 ಸೆಂಟಿಮೀಟರು ಎತ್ತರದಲ್ಲಿ, ತಳಪಾಯದ ಮೇಲೆ ಉದ್ದಕ್ಕೂ ನೀರು ದಾಟದ ಕಾಂಕ್ರೀಟಿನ ಪದರವೊಂದನ್ನು ಹಾಸಬೇಕು. ಗೋಡೆ ಎದ್ದಮೇಲೆ ಇದನ್ನು ಸೇರಿಸುವುದು ಬಹು ಕಷ್ಟ. ಮುಂಗಾರಿನ ಗಾಳಿ ಬಡಿಯುವ ನೈಋತ್ಯದ ಗೋಡೆಗೆ ಅಗಲವಾದ ಸೂರು ಬೇಕು. ಹಳ್ಳಿಗಳಲ್ಲಿ ಮಳೆಗಾಲಕ್ಕೆ ಅಡಕೆ ಸೋಗೆಯ ತಟ್ಟಿ ಕಟ್ಟುವುದು ಇದಕ್ಕಾಗಿಯೇ. ಅಡುಗೆಮನೆ, ಬಚ್ಚಲುಮನೆಗಳ ಆವಿ ಹೊರಹೋಗಲು ಗವಾಕ್ಷಿಗಳಿರಬೇಕು. ಬೀರುವನ್ನು ಗೋಡೆಗೆ ಒತ್ತಿ ನಿಲ್ಲಿಸಬಾರದು.

ಇದು ಕೇವಲ ಅಂದಚೆಂದದ ಮಾತಲ್ಲ. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ವಾಸಿಸುವವರಿಗೆ ಉಬ್ಬಸ ಮೊದಲಾದ ಶ್ವಾಸಸಂಬಂಧದ ತೊಂದರೆಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ತಿಳಿಸಿದೆ.

ಗೋಡೆ ಆರಿದೆಯೆಂದು ತಿಳಿಯುವುದು ಹೇಗೆ? ಮುಟ್ಟಿ ನೋಡಿದರೆ ಸಾಲದು. ಮೇಲ್ಮೈ ಮೊದಲು ಒಣಗುತ್ತದೆ. ಒಂದು ಅಡಿ ಚೌಕದ ಪಾಲಿಥೀನ್ ಹಾಳೆಯನ್ನು ನಾಲ್ಕು ಅಂಚುಗಳಲ್ಲಿಯೂ ಸಂದಿಲ್ಲದಂತೆ ಗೋಡೆಗೆ ಅಂಟಿಸಿ, ಒಂದೆರಡು ದಿನ ಬಿಟ್ಟು ನೋಡಿರಿ. ಹಾಳೆಯ ಒಳಮೈಯಲ್ಲಿ ನೀರಿನ ಹನಿಗಳು ಕಂಡರೆ ಬಣ್ಣದ ಡಬ್ಬಿಯನ್ನು ತೆರೆಯಲು ಇನ್ನೂ ಕಾಲ ಬಂದಿಲ್ಲ.